ಕುದುರೆಗೆ ಅರ್ಧ ಟಿಕೆಟ್

ಮಾರ್ಚ್ 4, ಸೋಮವಾರ

ಅಪ್ಪನ ಧ್ವನಿಪೆಟ್ಟಿಗೆ ತೆಗೆಯಬೇಕಂತೆ. ಡಾಕ್ಟರು ಹಳೇ ನಲ್ಲಿ ಬದಲಾಯಿಸುವ ಮಾತಾಡಿದಷ್ಟು ಸಲೀಸಾಗಿ ಹೇಳಿದರು. ಗಡ್ಡೆ ಅಲ್ಲೇ ಕೂತಿದೆ, ಬೇರೆ ಕಡೆ ಹಬ್ಬಿಲ್ಲ, ತೆಗೆದರೆ ಜೀವಕ್ಕೆ ಅಪಾಯವಿಲ್ಲ. ಆದರೆ ದನಿ ಹೋಗುತ್ತದೆ. ಉಸಿರಾಟವೆಲ್ಲ ಕತ್ತಿನ ಮುಂದೆ ಮಾಡುವ ತೂತಿನಿಂದ. ಮುಂದೆ ಯಾವುದೋ ಯಂತ್ರ ಹಿಡಿದು ಮಾತಾಡಲು ಕಲಿಯಬಹುದಂತೆ. "ಆದ್ರೆ ಈ ದನಿ ವಾಪಸ್ ಬರಲ್ಲಮ್ಮ" ಅಂದರು. ಆಪರೇಷನ್ ಇಪ್ಪತ್ತೆರಡನೇ ತಾರೀಕು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆಸ್ಪತ್ರೇಲಿ ಟೀವಿ ಇರತ್ತಾ?"

ಜೀವಮಾನವೆಲ್ಲ ಬಸ್ಸು ಓಡಿಸಿದವರು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ದನಿ ಅದು. ಡಿಪೋದಲ್ಲಿ ಇವರನ್ನು ಕರೆಯುತ್ತಿದ್ದದ್ದೇ ಹಾರ್ನ್ ಅಂತ. ಈಗ ಕೆಲವು ತಿಂಗಳಿಂದ ಗೊರಗೊರ ಅನ್ನುತ್ತಿದ್ದರೂ ನಮ್ಮ ಮನೆಯ ಸಮಾಚಾರವೆಲ್ಲ ಪಕ್ಕದ ಮನೆಯಾಕೆಗೆ ಪುಕ್ಕಟೆ ಸಿಗುತ್ತಲೇ ಇದೆ. ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಡ್ರೈವರನ ತಪ್ಪು ಹಿಡಿಯುತ್ತ ಬಂದರು. "ಗೇರ್ ಹಾಕೋದು ನೋಡು, ಹಿಟ್ಟು ಕಲಸಿದ ಹಾಗೆ." ನಾಚಿಕೆಯಾಗಿ ನಾನು ಕಿಟಕಿ ಕಡೆ ಮುಖ ತಿರುಗಿಸಿ ಕೂತೆ.

ಮಾರ್ಚ್ 6, ಬುಧವಾರ

ತಮ್ಮ ಫೋನ್ ಮಾಡಿದ್ದ. ಅವನು ದೂರದ ಊರಿನ ಹೋಟೆಲೊಂದರಲ್ಲಿ ಅಡುಗೆಯವನು. ಆಪರೇಷನ್ ದಿನಕ್ಕೆ ಬರುತ್ತಾನೆ, ಅಲ್ಲಿಯವರೆಗೆ ಫೋನಿನಲ್ಲೇ ಯಜಮಾನಿಕೆ.

"ಅಕ್ಕಾ, ಅಪ್ಪನ ಡಿವಿಡಿಗಳನ್ನೆಲ್ಲ ಫೈಲ್ ಮಾಡ್ಬಿಡು. ಹೋದ್ಸಲ ಇಂಟರ್ನೆಟ್ಟಿಗೆ ಸಿಕ್ಕಿಸಿ ಒಂದು ಕರೀ ಪೆಟ್ಟಿಗೆ ಇಟ್ಟು ಬಂದಿದ್ನಲ್ಲ, ಅದರೊಳಗೆ ಹಾಕಿದ್ರೆ ಸಾಕು. ಅಪ್ಪ ಆಸ್ಪತ್ರೆ ಮಂಚದ ಮೇಲೆ ಮಲಗಿ ಫೋನಲ್ಲೇ ನೋಡ್ಕೋಬಹುದು. ಇಲ್ಲಿಂದ ನಾನೂ ನೋಡ್ತೀನಿ."

"ಹೇಳೋದಕ್ಕೇನಪ್ಪ, ಮಾಡೋಳು ನಾನು."

"ಒಂದು ಗುಂಡಿ ಒತ್ತಿದ್ರೆ ಆಯ್ತು."

ಒಂದು ಗುಂಡಿಯಂತೆ. ಹಜಾರದ ಒಂದು ಗೋಡೆ ಪೂರ್ತಿ ಡಿವಿಡಿ. ಗುಜರಿಗೆ ಹೋದ ಬಸ್ಸಿನ ಸೀಟಿನ ಹಲಗೆಗಳನ್ನು ತಂದು ಅಪ್ಪ ಕೈಯಾರೆ ಮಾಡಿದ ಕಪಾಟು. ಅವರ ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೆ ಒಂದು ಡಿಸ್ಕಿನ ಅಂಗಡಿ ಇತ್ತು. ಬಸ್ಸು ತಿರುಗಿಸಿ ನಿಲ್ಲಿಸಿ, ಟೀ ಕುಡಿಯುವ ಹೊತ್ತಿನಲ್ಲಿ ಅಲ್ಲಿ ಹೊಕ್ಕು ಒಂದು ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದರು. ಅಂಗಡಿ ಮುಚ್ಚಿದ ದಿನ ಉಳಿದದ್ದನ್ನೆಲ್ಲ ಗೋಣಿಚೀಲದಲ್ಲಿ ತುಂಬಿಸಿಕೊಂಡು ಬಂದಾಗ ಅಮ್ಮ ಬಾಗಿಲಲ್ಲೇ ತಡೆದಿದ್ದಳು. "ಇದು ಒಳಗೆ ಬಂದ್ರೆ ನಾನು ಹೊರಗೆ." ಎರಡೂ ಒಳಗೇ ಉಳಿದವು.

ಮಾರ್ಚ್ 8, ಶುಕ್ರವಾರ

ತಮ್ಮನ ಇನ್ನೊಂದು ಅಪ್ಪಣೆ: ಅಪ್ಪನ ದನಿ ರೆಕಾರ್ಡ್ ಮಾಡಿಟ್ಟುಕೋ. ಇದೊಂದು ಮಾತ್ರ ನನಗೂ ಸರಿಯೆನ್ನಿಸಿತು. ಊಟವಾದ ಮೇಲೆ ಫೋನನ್ನು ಎದುರಿಗಿಟ್ಟು "ಏನಾದ್ರೂ ಮಾತಾಡಿ" ಅಂದೆ. ಎದ್ದು ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ದನಿಗೆ ಯಾವ ಅಂಗಿಯಾದರೇನು ಅಂದರೆ "ಇರಲಿ ಬಿಡು" ಅಂದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದರು.

"ಎಲ್ಲರಿಗೂ ನನ್ನ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ತಾವೂ ಕ್ಷೇಮವಾಗಿರಬೇಕೆಂದು ಕೋರುತ್ತೇನೆ."

"ಅಷ್ಟೇನಾ?"

"ಇನ್ನೇನು ಹೇಳ್ಬೇಕು? ಚೆನ್ನಾಗಿ ಬಂತಲ್ಲ."

ಮತ್ತೆ ಮಾಡಿಸಿದೆ. ಮತ್ತೆ ಅದೇ ನಮಸ್ಕಾರ, ಅದೇ ಕ್ಷೇಮ. ಫೋನ್ ಕಂಡ ಕೂಡಲೇ ಮನುಷ್ಯ ಸಭೆಯಲ್ಲಿ ಕೂತ ಅಧ್ಯಕ್ಷರಂತಾಗುತ್ತಾರೆ. ಆಮೇಲೆ ಒಬ್ಬಳೇ ಕೂತು ಹಾಕಿ ಕೇಳಿದೆ. ಯಾರೋ ಪರಿಚಯವಿಲ್ಲದವರು ಮಾತಾಡಿದ ಹಾಗಿತ್ತು.

ಮಾರ್ಚ್ 10, ಭಾನುವಾರ

ಡಿವಿಡಿ ಕೆಲಸ ಶುರು. ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ತಟ್ಟೆಯನ್ನು ಸಿಕ್ಕಿಸಿ, ಕೆಂಪು ಗುಂಡಿ ಒತ್ತಿದರೆ ಸಿನಿಮಾ ಓಡುತ್ತದೆ. ಓಡುತ್ತಲೇ ಫೈಲ್ ಆಗುತ್ತದೆ. ಸಿನಿಮಾ ಎಷ್ಟು ಹೊತ್ತೋ ಕೆಲಸವೂ ಅಷ್ಟು ಹೊತ್ತು. ಹೀಗಾದರೆ ಮುಗಿದ ಹಾಗೇ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಡಿಸ್ಕ್ ಒರೆಸುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಒರೆಸಿ ಕೊಟ್ಟೆ.

ಅಪ್ಪ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಕೂತವರು ಸುಮ್ಮನಿರುತ್ತಾರೆಯೇ? "ಈಗ ನೋಡು, ಇವನು ಬಾಗಿಲ ಹಿಂದೆ ಇದ್ದಾನೆ." "ಈ ಕಾರಿನ ಬ್ರೇಕು ಸರಿಯಿಲ್ಲ, ಹೋಗಿ ಗುದ್ದತ್ತೆ." ಗುದ್ದಿತು. ಎಷ್ಟು ಸಲ ನೋಡಿದ್ದಾರೋ, ಆದರೂ ಗುದ್ದಿದಾಗ "ಹೇಳ್ಲಿಲ್ವಾ!" ಅಂತ ತೊಡೆ ತಟ್ಟಿದರು.

ಅಮ್ಮ ಇದ್ದಾಗಿನ ಶನಿವಾರದ ಸಂಜೆಗಳು ನೆನಪಾದವು. ಅಮ್ಮ ಬಟಾಣಿ ಬಿಡಿಸುತ್ತ ಕೂತವಳು ಅರ್ಧದಲ್ಲೇ ತೂಕಡಿಸುತ್ತಿದ್ದಳು, ಬಟ್ಟಲು ಮಡಿಲಿನಿಂದ ಜಾರುವಷ್ಟು. ಯಾರಾದರೂ ಅತ್ತಾಗ ಎಚ್ಚರವಾಗಿ "ಯಾಕಂತೆ ಅವಳು ಅಳೋದು?" ಅನ್ನುವಳು. ಅಪ್ಪ ಕತೆ ಹೇಳುವರು. ಇದ್ದದ್ದು ಸ್ವಲ್ಪ, ಇಲ್ಲದ್ದು ಬಹಳ. ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಈಗ ಅನುಮಾನ ಬರುತ್ತಿದೆ, ಅವಳು ಬೇಕೆಂದೇ ನಿದ್ದೆ ಮಾಡುತ್ತಿದ್ದಳೇನೋ ಅಂತ.

ಮಾರ್ಚ್ 13, ಬುಧವಾರ

ದಿನಾ ಅಂಗಡಿಯಿಂದ ಬಂದು ಇದೇ ಕೆಲಸ. ಅಪ್ಪನ ಬಾಯಿಗೆ ಬಿಡುವಿಲ್ಲ. "ಗಂಟಲಿಗೆ ಸ್ವಲ್ಪ ವಿಶ್ರಾಂತಿ ಕೊಡಿ, ಸುಮ್ನೆ ನೋಡಿ" ಅಂತ ಗದರಿದೆ. ಬಾಯಿ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಮೆಲ್ಲಗೆ "ಆ ಕಳ್ಳಮೀಸೆಯವನನ್ನ ನಂಬಬೇಡ" ಅಂದರು.

ಮಾರ್ಚ್ 14, ಗುರುವಾರ

ಕುದುರೆ ಕಳ್ಳನ ಸಿನಿಮಾಕ್ಕೆ ಬಂದೆವು. ಇದರ ಕತೆ ನಮ್ಮ ಮನೆಯದೇ. ಒಂದು ದಿನ ಈ ಡಿಸ್ಕಿಗೆ ಜ್ಯಾಮ್ ಅಂಟಿತ್ತು. ಅಮ್ಮ ಅದನ್ನು ತಟ್ಟೆ ಲೋಟದ ಜೊತೆ ಸಿಂಕಿಗೆ ಹಾಕಿ, ಪಾತ್ರೆ ಉಜ್ಜುವ ನಾರಿನಲ್ಲಿ ಗಸಗಸ ತಿಕ್ಕಿ, ಒರೆಸಿ, ಪಳಪಳ ಹೊಳೆಯುತ್ತಿದೆ ಅಂತ ಹೆಮ್ಮೆಯಿಂದ ತಂದುಕೊಟ್ಟಳು. ಅಂದಿನಿಂದ ಸಿನಿಮಾ ಸೇತುವೆಯ ಮೇಲೆ ನಿಂತುಬಿಡುತ್ತದೆ. ಆಚೆ ಪೊಲೀಸು, ಈಚೆ ಪೊಲೀಸು, ನಡುವೆ ಕಳ್ಳ ಕುದುರೆಯ ಲಗಾಮು ಹಿಡಿದು ನಿಂತಿದ್ದಾನೆ. ಅವನ ಮುಖ ಚೌಕ ಚೌಕವಾಗಿ ಒಡೆದು ಹೋಗುತ್ತದೆ. ಮತ್ತೆ ಚಿತ್ರ ಬರುವ ಹೊತ್ತಿಗೆ ಅವನು ಒಬ್ಬನೇ ದೋಣಿಯಲ್ಲಿ ಕೂತು ಸೇಬು ಕಚ್ಚುತ್ತಿದ್ದಾನೆ. ನಡುವೆ ಏನಾಯಿತು?

ನಡುವಿನದು ಅಪ್ಪನ ಪಾಲು. ಒಂದು ಸಲ ಕುದುರೆ ನದಿಗೆ ಹಾರಿ ಈಜಿತು. ಇನ್ನೊಂದು ಸಲ ಪೊಲೀಸಿನವನು ಕಳ್ಳನ ಬಾಲ್ಯದ ಗೆಳೆಯ, ಇಬ್ಬರೂ ತಬ್ಬಿಕೊಂಡು ಅತ್ತರು. ನಾನೂ ತಮ್ಮನೂ ಆ ನಿಂತ ಚಿತ್ರ ಬಂದ ಕೂಡಲೇ ಟೀವಿ ಬಿಟ್ಟು ಅಪ್ಪನ ಕಡೆ ತಿರುಗಿ ಕೂರುತ್ತಿದ್ದೆವು. ಈ ಸಲ ಸೇತುವೆಯ ಮೇಲೆ ಬಸ್ಸು ಬಂತು. ಬರದೆ ಇರುತ್ತದೆಯೇ, ಇವರ ಕತೆಯಲ್ಲಿ! ನನಗೆ ಸುಸ್ತಾಗಿತ್ತು, ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಮಾರ್ಚ್ 16, ಶನಿವಾರ

ತಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. "ಅಕ್ಕಾ, ಇದೇನು, ಹೀರೋಯಿನ್ ಹಾಡ್ತಿದ್ರೆ ಅಪ್ಪ ಕೆಮ್ತಾ ಇದಾರೆ! ಕುಕ್ಕರ್ ಸೀಟಿ ಬೇರೆ!"

ಕೆಂಪು ಗುಂಡಿ ತಪ್ಪು ಗುಂಡಿಯಂತೆ. ಅದು ಪರದೆಯನ್ನೂ ಕೋಣೆಯ ಸದ್ದನ್ನೂ ಹಿಡಿಯುವ ಗುಂಡಿ. ಲ್ಯಾಪ್‌ಟಾಪಿನ ಮೈಕು ತೆರೆದೇ ಇತ್ತು. ಡಿಸ್ಕನ್ನು ನೇರವಾಗಿ ಫೈಲ್ ಮಾಡುವುದಕ್ಕೆ ಬೇರೆಯದೇ ಜಾಗ ಇದೆ, ಬೇಗನೂ ಆಗುತ್ತದೆ, ಸದ್ದೂ ಶುದ್ಧ.

ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ತಮ್ಮನ ಮೇಲೆ ಕೂಗಾಡಿದೆ, ಅಪ್ಪನ ಮೇಲೂ. "ನೀವು ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಕೂತಿದ್ರೆ ಇಷ್ಟಾದ್ರೂ ಉಳೀತಿತ್ತು." ಅಪ್ಪ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಹೋದರು.

ಮಾರ್ಚ್ 17, ಭಾನುವಾರ

ಎಲ್ಲವನ್ನೂ ಮತ್ತೆ ಮಾಡಿದೆ, ಸರಿಯಾಗಿ. ಈಗ ಸಿನಿಮಾ ಓಡುವುದೂ ಇಲ್ಲ. ಡಿಸ್ಕ್ ಗುಂಯ್ ಅನ್ನುತ್ತದೆ, ಅಷ್ಟೇ. ಹಳೇ ಫೈಲುಗಳನ್ನೆಲ್ಲ ಆಯ್ದು ಅಳಿಸಿದೆ. ಬೇಕೇ ಅಂತ ಯಂತ್ರ ಮತ್ತೊಮ್ಮೆ ಕೇಳಿತು. ಬೇಡ ಅಂತ ಅದಕ್ಕೂ ಹೇಳಿದೆ. ಮನೆ ಗುಡಿಸಿದಷ್ಟು ಹಗುರವಾಯಿತು.

ಕುದುರೆ ಕಳ್ಳನ ಡಿಸ್ಕ್ ಮಾತ್ರ ಅಮ್ಮನ ಗೀರಿನ ಹತ್ತಿರ ಬಂದು "ಓದಲಾಗುತ್ತಿಲ್ಲ" ಅಂತ ಕೈ ಎತ್ತಿತು. ಕೆಮ್ಮು, ಸೀಟಿ ಬೆರೆತ ಅದರ ಹೊಲಸು ಕಾಪಿಯೊಂದನ್ನು ಮಾತ್ರ ಅಳಿಸದೆ ಬಿಟ್ಟಿದ್ದೇನೆ. ಅಂಗಡಿಯ ಪಾಲಿಶ್ ಚಕ್ರಕ್ಕೆ ಹಿಡಿದು ಗೀರು ತೆಗೆದರೆ ಓದೀತು; ಆಮೇಲೆ ಇದನ್ನೂ ಅಳಿಸಬಹುದು. ಹಾಗಂದರೆ ಅಪ್ಪ "ನಿಮ್ಮಮ್ಮ ಹಾಕಿದ ಗೀರು, ಇರಲಿ ಬಿಡು" ಅಂದರು.

"ಪೂರ್ತಿ ಸಿನಿಮಾ ನೋಡೋ ಆಸೆ ಇಲ್ವಾ ನಿಮಗೆ?"

"ಪೂರ್ತೀನೇ ನೋಡಿದೀನಲ್ಲ."

ಮಾರ್ಚ್ 20, ಬುಧವಾರ

ಅಪ್ಪ ಹಳೇ ದಾರಿಯಲ್ಲಿ ಒಮ್ಮೆ ಹೋಗಿಬರೋಣ ಅಂದರು. ಅವರ ಬಸ್ಸಿನ ನಂಬರಿನ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋದೆವು. ಡಿಸ್ಕಿನ ಅಂಗಡಿ ಇದ್ದಲ್ಲಿ ಈಗ ಹಲ್ಲಿನ ಕ್ಲಿನಿಕ್ಕು. ಹೊರಗೆ ನಿಂತು ಟೀ ಕುಡಿದೆವು. ಡ್ರೈವರನ ತಪ್ಪು ಒಂದೂ ಹೇಳಲಿಲ್ಲ. ಬರುವಾಗ ನಾನೇ "ಆ ತಿರುವಿನಲ್ಲಿ ಸ್ವಲ್ಪ ಜೋರಾಯ್ತು, ಅಲ್ವಾ ಅಪ್ಪ?" ಅಂದೆ. ತಲೆ ಆಡಿಸಿದರು, ಅಷ್ಟೇ.

ಮಾರ್ಚ್ 22, ಶುಕ್ರವಾರ

ಆಯಿತು. ಚೆನ್ನಾಗಾಯಿತು ಅಂದರು ಡಾಕ್ಟರು.

ಒಳಗೆ ಕರೆದುಕೊಂಡು ಹೋಗುವ ಮೊದಲು ನಾನೂ ತಮ್ಮನೂ ಆಚೆ ಈಚೆ ನಿಂತಿದ್ದೆವು. ಏನಾದರೂ ಹೇಳುತ್ತಾರೆ ಅಂತ ಕಾದೆ. ಗಾಡಿ ತಳ್ಳುವವನಿಗೆ ಹೇಳಿದರು: "ನಿಧಾನಕ್ಕೆ ತಿರುಗಿಸಪ್ಪ, ಹಿಂದೆ ನೋಡ್ಕೊಂಡು." ಅದೇ ಕೊನೇ ಮಾತು.

ಮಾರ್ಚ್ 27, ಬುಧವಾರ

ತಮ್ಮ ವಾಪಸ್ ಹೋದ. ಹೋಗುವಾಗ ಅಪ್ಪನ ಕಾಲು ಹಿಡಿದುಕೊಂಡು ಅತ್ತ, ಅಷ್ಟು ದೊಡ್ಡ ಆಳು.

ಅಪ್ಪನಿಗೆ ಒಂದು ಸ್ಲೇಟು ಕೊಟ್ಟಿದ್ದೇನೆ. ಬೇಕಾದ್ದನ್ನು ಬರೆದು ತೋರಿಸುತ್ತಾರೆ: ನೀರು. ದಿಂಬು. ಕಿಟಕಿ. ಫೋನಿನಲ್ಲಿ ಸಿನಿಮಾ ಹಾಕಿಕೊಟ್ಟೆ. ಚಿತ್ರ ಸ್ವಚ್ಛ, ಸದ್ದು ಸ್ವಚ್ಛ, ಎಲ್ಲೂ ನಿಲ್ಲುವುದಿಲ್ಲ. ಹೇಗಿದೆ ಅಂದರೆ ಸ್ಲೇಟಿನ ಮೇಲೆ ಬರೆದರು: "ಸಪ್ಪೆ."

ಇಷ್ಟು ಕಷ್ಟಪಟ್ಟಿದ್ದಕ್ಕೆ ಸಿಕ್ಕ ಬಹುಮಾನ. ಸಿಟ್ಟು ಬಂತು. ಆದರೆ ನಿಜ ಹೇಳಬೇಕೆಂದರೆ ಪಕ್ಕದಲ್ಲಿ ಕೂತು ನೋಡುವಾಗ ನನಗೂ ಹಾಗೇ ಅನ್ನಿಸಿತು. ಕಾರು ಹೋಗಿ ಗುದ್ದಿತು, ಯಾರೂ ಏನೂ ಅನ್ನಲಿಲ್ಲ.

ಏಪ್ರಿಲ್ 2, ಮಂಗಳವಾರ

ಇವತ್ತು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕುದುರೆ ಕಳ್ಳನ ಡಿಸ್ಕನ್ನು ಪಾಲಿಶ್ ಚಕ್ರಕ್ಕೆ ಹಿಡಿದೆ. ಅಪ್ಪ ಮನೆಗೆ ಬರುವಷ್ಟರಲ್ಲಿ ಪೂರ್ತಿ ಸಿನಿಮಾ ತಯಾರಿರಲಿ ಅಂತ. ಗೀರು ಆಳವಾಗಿತ್ತು, ಅಮ್ಮನ ಕೈಬಲ ಸಾಮಾನ್ಯದ್ದಲ್ಲ. ಬಿಸಿಯಾಗದಂತೆ ಸ್ವಲ್ಪ ಸ್ವಲ್ಪವೇ ಉಜ್ಜಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿದರೆ ಓದಿಯೇಬಿಟ್ಟಿತು!

ಸೇತುವೆಯ ಮೇಲೆ ನಿಜವಾಗಿ ಆದದ್ದು ಇಷ್ಟು: ಕಳ್ಳ ಲಗಾಮನ್ನು ಪೊಲೀಸಿನ ಕೈಗೆ ಕೊಟ್ಟು "ತಪ್ಪಾಯಿತು" ಅನ್ನುತ್ತಾನೆ. ಅವರು "ಹೋಗು" ಅನ್ನುತ್ತಾರೆ. ಕುದುರೆ ಒಂದು ಸಲ ಕೆನೆಯುತ್ತದೆ. ಇದಕ್ಕಾಗಿ ಇಷ್ಟು ವರ್ಷ ಕಾದೆವೇ?

ಇನ್ನು ಹೊಲಸು ಕಾಪಿ ಅಳಿಸುವುದು ಬಾಕಿ. ಅಳಿಸುವ ಮೊದಲು ಅದರಲ್ಲಿ ಎಲ್ಲಿ ನಿಲ್ಲುತ್ತಿತ್ತು ಅಂತ ಸುಮ್ಮನೆ ನೋಡೋಣವೆಂದು ಹಾಕಿದೆ. ಕಳ್ಳನ ಮುಖ ಚೌಕ ಚೌಕವಾಗಿ ಒಡೆಯಿತು. ಆಮೇಲೆ ಅಪ್ಪನ ದನಿ.

"ನಿಂತ್ಬಿಡ್ತಾ? ನಿಲ್ಲಲಿ. ಈಗ ಕೇಳು. ಆ ಕಡೆ ಪೊಲೀಸು, ಈ ಕಡೆ ಪೊಲೀಸು. ಅಷ್ಟರಲ್ಲಿ ಏನ್ ಬಂತು ಹೇಳು? ಬಸ್ಸು! ಡ್ರೈವರ್ ಒಳ್ಳೇ ಕೈ. ಬ್ರೇಕ್ ಹಾಕಿದ ನೋಡು, ನಿಂತವರ ಕೈಲಿದ್ದ ಟೀ ಚೆಲ್ಲಲಿಲ್ಲ. 'ಹತ್ತಪ್ಪಾ' ಅಂದ. 'ಕುದುರೆ?' 'ಅದೂ ಹತ್ತಲಿ, ಹಿಂದಿನ ಬಾಗಿಲಲ್ಲಿ.' ಕಂಡಕ್ಟರು ತಕರಾರು ತೆಗೆದ, ಕುದುರೆಗೆ ಪೂರ್ತಿ ಟಿಕೆಟ್ ಆಗ್ಬೇಕು ಅಂತ. ಡ್ರೈವರು ಹೇಳಿದ, ಏನಯ್ಯಾ, ಅದು ನಿಂತ್ಕೊಂಡೇ ಬರತ್ತೆ, ಸೀಟು ಕೇಳಲ್ಲ, ಅರ್ಧ ಸಾಕು. ಅವರಿಬ್ರೂ ಜಗಳ ಆಡ್ತಾ ಆಡ್ತಾ..."

ಅಲ್ಲಿಗೆ ನನ್ನ ದನಿ: "ಸಾಕು ಅಪ್ಪ, ಗಂಟಲಿಗೆ ವಿಶ್ರಾಂತಿ ಕೊಡಿ." ಅಪ್ಪ: "ಆಯ್ತಾಯ್ತು. ದೋಣಿಗೆ ಬಂದ ಬಿಡು, ಸೇಬು ತಿಂತಾ ಇದಾನೆ."

ಇಸ್ತ್ರಿ ಅಂಗಿ ಇಲ್ಲದ, ನಮಸ್ಕಾರ ಇಲ್ಲದ ದನಿ. ಗೊರಗೊರ, ಕೆಮ್ಮು, ಹಿಂದೆ ಕುಕ್ಕರಿನ ಸೀಟಿ, ಎಲ್ಲ ಇದೆ. ಇಂಥವು ಎಷ್ಟಿದ್ದವು! ಪ್ರತಿಯೊಂದು ಸಿನಿಮಾದಲ್ಲೂ ಅಪ್ಪ ಇದ್ದರು. ಎಲ್ಲವನ್ನೂ ಕಸ ಗುಡಿಸಿದ ಹಾಗೆ ನನ್ನ ಕೈಯಾರೆ ಗುಡಿಸಿ ಹಾಕಿದೆ. ಬೇಕೇ ಅಂತ ಯಂತ್ರ ಕೇಳಿತ್ತು, ಯಂತ್ರಕ್ಕೆ ಇದ್ದ ಬುದ್ಧಿ ನನಗಿರಲಿಲ್ಲ. ಉಳಿದದ್ದು ಇದೊಂದು. ಅದೂ ಉಳಿದದ್ದು ಅಮ್ಮನ ಪಾತ್ರೆ ತಿಕ್ಕುವ ನಾರಿನ ಪುಣ್ಯ. ಆ ಗೀರನ್ನೂ ಇವತ್ತು ಉಜ್ಜಿ ಹಾಕಿದೆನಲ್ಲ.

ಗಾಜು ಉಜ್ಜುವ ಕಲ್ಲಿನ ಪಕ್ಕ ಕೂತು ಚೆನ್ನಾಗಿ ಅತ್ತೆ. ಅಂಗಡಿ ಯಜಮಾನರು ಒಳಗೆ ಇಣುಕಿ, ಕಣ್ಣಿಗೆ ಗಾಜಿನ ಪುಡಿ ಬಿತ್ತೇನಮ್ಮ ಅಂದರು. ಹೌದು ಅಂದೆ.

ಏಪ್ರಿಲ್ 3, ಬುಧವಾರ

ತಮ್ಮನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಅಳಿಸಿದ್ದು ಯಾವ ದಾರಿಯಿಂದಲಾದ್ರೂ ವಾಪಸ್ ಬರತ್ತಾ ಕೇಳ್ತೀನಿ" ಅಂದ. ಸಂಜೆ ಮತ್ತೆ ಫೋನ್ ಮಾಡಿ ಬರಲ್ಲವಂತೆ ಅಂದ. ಆ ಒಂದು ಫೈಲನ್ನು ಅವನ ಹತ್ತಿರವೂ ಇಟ್ಟುಕೊಂಡಿದ್ದಾನೆ, ಅವನ ಗೆಳೆಯನ ಹತ್ತಿರವೂ.

ಏಪ್ರಿಲ್ 7, ಭಾನುವಾರ

ಅಪ್ಪ ಮನೆಗೆ ಬಂದರು. ಪಕ್ಕದ ಮನೆಯಾಕೆ ಹೂಕೋಸಿನ ಸೂಪು ತಂದುಕೊಟ್ಟು, "ಮನೆ ಇಷ್ಟು ಸದ್ದಿಲ್ದೆ ಇದ್ರೆ ನನಗೆ ಹೊತ್ತೇ ಹೋಗಲ್ಲ ನೋಡಿ" ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅಪ್ಪ ಕೈ ಬೀಸಿ ಪರವಾಗಿಲ್ಲ ಅಂದರು.

ಗೀರು ತೆಗೆದದ್ದನ್ನು ಅವರಿಗೆ ಹೇಳಿಲ್ಲ. ಅಳಿಸಿದ್ದನ್ನೂ ಹೇಳಿಲ್ಲ.

ಏಪ್ರಿಲ್ 13, ಶನಿವಾರ

ಹೇಳಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ಅತ್ತೂ ಬಿಟ್ಟೆ. ಅಪ್ಪ ಸ್ಲೇಟು ತೆಗೆದುಕೊಂಡು ಬರೆದರು: "ಕುದುರೆ?"

"ಒಪ್ಪಿಸಿಬಿಡ್ತಾನೆ ಅಪ್ಪ. ತಪ್ಪಾಯ್ತು ಅಂತಾನೆ, ಅಷ್ಟೇ."

ಮುಖ ಹುಳ್ಳಗೆ ಮಾಡಿದರು. ಅಳಿಸಿ ಇನ್ನೊಂದು ಬರೆದರು: "ಹಳೇದು ಹಾಕು."

ಸಂಜೆ ಇಬ್ಬರೂ ಕೂತೆವು. ನಾನು ಬಟಾಣಿ ಬಿಡಿಸಲು ಇಟ್ಟುಕೊಂಡಿದ್ದೆ. ಕೂರುವ ಮೊದಲು ಲ್ಯಾಪ್‌ಟಾಪಿನ ಆ ತಪ್ಪು ಗುಂಡಿ, ಕೆಂಪು ಗುಂಡಿ, ಒತ್ತಿ ಬಂದಿದ್ದೆ. ಅಪ್ಪನಿಗೆ ತೋರಿಸಲಿಲ್ಲ, ತೋರಿಸಿದರೆ ಎದ್ದು ಹೋಗಿ ಅಂಗಿ ಬದಲಾಯಿಸಿಕೊಂಡು ಬರುತ್ತಾರೆ. ಸೇತುವೆ ಬಂತು. ಮುಖ ಒಡೆಯಿತು. "ನಿಂತ್ಬಿಡ್ತಾ? ನಿಲ್ಲಲಿ. ಈಗ ಕೇಳು" ಅಂತ ಟೀವಿಯೊಳಗಿಂದ ಅಪ್ಪ ಅಂದರು. ಪಕ್ಕದಲ್ಲಿದ್ದ ಅಪ್ಪ ಕೇಳಿಸಿಕೊಂಡರು, ಒಂದೆರಡು ಮಾತಿನಷ್ಟು. ನಾನು ಅವರ ಮುಖ ನೋಡಲಾರದೆ ಬಟಾಣಿ ನೋಡುತ್ತಿದ್ದೆ. ಟಕ್ ಅಂತ ಸದ್ದಾಯಿತು. ರಿಮೋಟಿನಲ್ಲಿ ನಿಲ್ಲಿಸಿದ್ದರು. ಬೆರಳು ನನ್ನ ಕಡೆ ತೋರಿಸುತ್ತಿದ್ದರು. ನೀನು ಹೇಳು.

"ನನಗೆಲ್ಲಿ ಬರತ್ತೆ ಅಪ್ಪ?"

ಬೆರಳು ಕೆಳಗಿಳಿಯಲಿಲ್ಲ.

"ಆ ಕಡೆ ಪೊಲೀಸು, ಈ ಕಡೆ ಪೊಲೀಸು" ಅಂತ ಶುರುಮಾಡಿದೆ. ಬಸ್ಸು ತಂದೆ. ಡ್ರೈವರನನ್ನು ಹೊಗಳಿದೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಕುದುರೆ ಹಿಂದಿನ ಬಾಗಿಲಲ್ಲಿ ಹತ್ತಿ, ನಿಂತವರ ಕಾಲು ತುಳಿದು, ಒಬ್ಬ ಮುದುಕನ ಟೋಪಿ ಮೂಸಿತು. ಇದು ನನ್ನ ಸೇರ್ಪಡೆ. "ಕಂಡಕ್ಟರು ಹರಿದು ಕೊಟ್ಟ, ಪೂರ್ತಿ ಟಿಕೆಟ್ಟು!"

ಅಪ್ಪ ಕುರ್ಚಿಯ ಕೈ ದಡಾರನೆ ಬಡಿದರು.

"ಪೂರ್ತಿನೇ ಅಪ್ಪ! ನಾಲ್ಕು ಕಾಲಿದೆ, ಮೂರು ಜನ ನಿಲ್ಲೋ ಜಾಗ ತಿನ್ನತ್ತೆ!"

ಮತ್ತೆ ಬಡಿದರು. ತೋರುಬೆರಳನ್ನು ಅರ್ಧಕ್ಕೆ ಮಡಿಸಿ ಮೂಗಿನ ಮುಂದೆ ಹಿಡಿದರು. ಅರ್ಧ. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಬಟ್ಟಲು ಮಗುಚಿ ಬಟಾಣಿ ಹಜಾರವೆಲ್ಲ ಹರಡಿತು. ಅಪ್ಪ ನಗುತ್ತಿದ್ದರು, ಭುಜ ಕುಣಿಯುತ್ತಿತ್ತು. ನಗುವಿಗೆ ದನಿಯಿಲ್ಲ, ಕತ್ತಿನ ತೂತಿನಿಂದ ಬುಸ್ ಬುಸ್ ಗಾಳಿ ಬರುತ್ತಿತ್ತು.

ಆಗ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು: "ರೀ, ಕೊನೆಗೆ ಅರ್ಧನೋ ಪೂರ್ತಿನೋ, ಒಂದು ತೀರ್ಮಾನ ಮಾಡಿ!"

ಅಪ್ಪ ಸ್ಲೇಟು ಎತ್ತಿಕೊಂಡರು. ದೊಡ್ಡ ಅಕ್ಷರದಲ್ಲಿ ಡಿಪೋದವರು ತಮಗಿಟ್ಟಿದ್ದ ಹೆಸರು ಬರೆದು ನನ್ನ ಕಡೆ ತಿರುಗಿಸಿ ಹಿಡಿದರು: "ಹಾರ್ನ್."

ನಾನೇನೂ ಅಷ್ಟು ಜೋರಾಗಿ ಹೇಳಿರಲಿಲ್ಲ.